ಹಳೆಯ ಮಡಕೆ ಚೂರಿನ ಆಕಾರ ಬರೆದಿಡುವುದು ಹೇಗೆ?

ಗಂಗಾವತಿ ಕಡೆಯ ಗುಡ್ಡದ ಬುಡದ ಹೊಲಗಳಲ್ಲಿ ಕುಂಟೆ ಹೊಡೆದ ಮೇಲೆ ಒಂದು ಮಳೆ ಬೀಳಬೇಕು. ಆಮೇಲೆ ನಡೆದು ನೋಡಿ. ಮಣ್ಣು ತೊಳೆದು ಹೋಗಿ ಬೋಕಿ ಚೂರುಗಳು ಮೇಲೆದ್ದು ಕೂತಿರುತ್ತವೆ. ಕೆಲವು ಕೆಂಪು, ಕೆಲವು ಬೂದು, ಒಂದೊಂದು ಕನ್ನಡಿಯಂತೆ ಹೊಳೆಯುವ ಕಪ್ಪು. ನಮ್ಮ ಹುಡುಗರು ಅದನ್ನು ಕಲ್ಲಿಗೆ ಉಜ್ಜಿ ದುಂಡಗೆ ಮಾಡಿ ಕುಂಟಬಿಲ್ಲೆ ಆಡುತ್ತಾರೆ. ಉತ್ಖನನಗಳಲ್ಲೂ ಹೀಗೆ ಉಜ್ಜಿ ದುಂಡು ಮಾಡಿದ ಬೋಕಿ ಬಿಲ್ಲೆಗಳು ಸಿಗುತ್ತವೆ.

ಇಂಥ ಚೂರು ಕಂಡಾಗ ಅದು ಎಂಥದು ಅಂತ ಬರೆದಿಡುವುದು ಹೇಗೆ ಅನ್ನುವುದೇ ಈ ಲೇಖನ. ನಾನು ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುವವನು. ಕೆಲವು ವರ್ಷಗಳ ಹಿಂದೆ ಒಂದು ಪುರಾತತ್ವ ಸರ್ವೆ ತಂಡದ ಜೊತೆ ರಜೆಯಲ್ಲಿ ಕೆಲಸ ಮಾಡಿದೆ. ಮೊದಲ ದಿನ ಸಂಜೆ ನನ್ನ ಪಾಲಿಗೆ ಬಂದ 32 ಚೂರುಗಳಿಗೂ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆದಿದ್ದೆ: 'ಕೆಂಪು, ಗಡಿಗೆಯ ಚೂರು.' ಮರುದಿನ ಚೀಲಗಳ ಚೀಟಿ ಕಿತ್ತು ಬಂದಿತ್ತು. ಯಾವ ಚೂರು ಯಾವ ಜಾಗದ್ದು ಅಂತ ನನ್ನ ಬರಹದಿಂದ ಹೇಳಲು ಆಗಲೇ ಇಲ್ಲ. ಒಂದು ದಿನದ ನಡಿಗೆ ಪೂರ್ತಿ ವ್ಯರ್ಥ. ಅವತ್ತು ತಂಡದ ಹಿರಿಯರೊಬ್ಬರು ಹೇಳಿದ ಮಾತನ್ನೇ ನಾನು ಈಗಲೂ ಹಿಡಿದುಕೊಂಡಿದ್ದೇನೆ: ಚೂರನ್ನು ನೋಡದವರು ನಿಮ್ಮ ಬರಹ ಓದಿ ಅದರ ಚಿತ್ರ ಬಿಡಿಸುವಂತಿರಬೇಕು. ಈ ಅಳತೆಗೋಲು ಒಂದು ಸಾಕು.

ಮೊದಲು: ಇದ್ದಲ್ಲೇ ಇರಲಿ

ಚೂರನ್ನು ಮನೆಗೆ ತರಬೇಡಿ, ನೆಲ ಅಗೆಯಬೇಡಿ. ಉತ್ಖನನಕ್ಕೆ ಅನುಮತಿ ಬೇಕು. ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯಿದೆ ಇದೆ. ಕಾನೂನಿನ ಮಾತು ಒಂದು ಕಡೆ ಇರಲಿ, ಚೂರಿನ ಅರ್ಧ ಬೆಲೆ ಅದು ಬಿದ್ದ ಜಾಗದಲ್ಲೇ ಇದೆ. ಜಾಗ ಕಳೆದುಕೊಂಡ ಬೋಕಿ ಬರೀ ಬೋಕಿ. ಆದ್ದರಿಂದ ಕೈಗೆ ತೆಗೆದುಕೊಂಡು, ಅಳೆದು, ಬರೆದು, ಫೋಟೋ ತೆಗೆದು, ಎಲ್ಲಿತ್ತೋ ಅಲ್ಲೇ ಇಡಿ. ಫೋನಿನಲ್ಲಿ ಜಾಗದ ಅಕ್ಷಾಂಶ ರೇಖಾಂಶ ಸಿಗುತ್ತದೆ, ಅದನ್ನೂ ಬರೆದುಕೊಳ್ಳಿ. ಹೊಲದವರನ್ನು ಕೇಳಿಯೇ ಒಳಗೆ ಕಾಲಿಡಿ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ಸ್ಕೇಲು, ಗ್ರಾಫ್ ಹಾಳೆ, ಕೈವಾರ, ಪೆನ್ಸಿಲು, ದಪ್ಪ ಅಳೆಯಲು ಕ್ಯಾಲಿಪರ್, ಮೆತ್ತನೆಯ ಒಣ ಬ್ರಷ್. ಚೂರಿನ ಬಾಗು ಹಿಡಿಯಲು ಬಡಗಿಗಳ ಹತ್ತಿರ ಸೂಜಿಗಳನ್ನು ಸಾಲಾಗಿ ಜೋಡಿಸಿದ ಬಾಚಣಿಗೆಯಂಥ ಸಾಧನ ಇರುತ್ತದೆ. ಅದು ಸಿಗದಿದ್ದರೆ ರೇಡಿಯೋ ರಿಪೇರಿಯವರು ಬೆಸುಗೆಗೆ ಬಳಸುವ ಮೆತ್ತನೆಯ ತಂತಿ ಸಾಕು. ಚೂರಿನ ಮೇಲೆ ಮೆಲ್ಲಗೆ ಒತ್ತಿ, ಬಾಗು ಹಿಡಿದ ಮೇಲೆ ಹಾಳೆಯ ಮೇಲಿಟ್ಟು ಗೆರೆ ಎಳೆದುಕೊಂಡರಾಯಿತು.

ನೀರು ಮಾತ್ರ ಬೇಡ. ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತೆ. ಆ ಸರ್ವೆಯಲ್ಲೇ ಒಂದು ಬೂದು ಬಣ್ಣದ ಬಾಯಿ ಚೂರಿಗೆ ಮಣ್ಣು ಮೆತ್ತಿದೆ ಅಂದುಕೊಂಡು ಬಕೆಟ್ಟಿನಲ್ಲಿ ಅದ್ದಿ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ನೀರು ಕೆಂಪಾಯಿತು. ಅದು ಮಣ್ಣಾಗಿರಲಿಲ್ಲ, ಬಾಯಂಚಿನ ಸುತ್ತ ಬಳಿದಿದ್ದ ಕೆಮ್ಮಣ್ಣಿನ ಪಟ್ಟಿ. ನಮ್ಮ ಭಾಗದ ಹೊಸ ಶಿಲಾಯುಗದ ಬೂದು ಮಡಕೆಗಳಿಗೆ ಕೆಲವೊಮ್ಮೆ ಸುಟ್ಟ ಮೇಲೆ ಕೆಮ್ಮಣ್ಣು ಬಳಿಯುತ್ತಿದ್ದರು. ಬೆಂಕಿ ಕಾಣದ ಬಣ್ಣ ಅದು, ನೀರಿಗೆ ನಿಲ್ಲುವುದಿಲ್ಲ. ಸಾವಿರಾರು ವರ್ಷ ಮಣ್ಣಿನಲ್ಲಿ ಉಳಿದದ್ದನ್ನು ನಾನು ಎರಡು ನಿಮಿಷದಲ್ಲಿ ತೊಳೆದುಹಾಕಿದೆ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಚೂರು ಎಲ್ಲಿಯದು ಅಂತ ಬೇರ್ಪಡಿಸಿ

ಮಡಕೆಗೂ ಮನುಷ್ಯನಿಗೂ ನಮ್ಮ ಭಾಷೆ ಒಂದೇ ಮೈ ಕೊಟ್ಟಿದೆ. ಬಾಯಿ, ತುಟಿ, ಕತ್ತು, ಹೆಗಲು, ಹೊಟ್ಟೆ, ಬುಡ, ಕಿವಿ. ಈ ಪದಗಳೇ ಸಾಕು, ಹೊಸದಾಗಿ ಸಂಸ್ಕೃತದ ಪದ ಕಟ್ಟುವ ಅಗತ್ಯ ಇಲ್ಲ. ಕುಂಬಾರರ ಮನೆಯಲ್ಲಿ ಹೇಳಿದರೂ ಅರ್ಥವಾಗಬೇಕು.

ಚೂರನ್ನು ಕೈಯಲ್ಲಿ ಹಿಡಿದು ಅದರ ಅಂಚುಗಳನ್ನು ಬೆರಳಿನಿಂದ ಸವರಿ. ಒಡೆದ ಅಂಚು ಒರಟಾಗಿರುತ್ತದೆ, ಒಳಗಿನ ಮರಳು ಕಾಣುತ್ತದೆ. ಒಂದು ಅಂಚು ಮಾತ್ರ ನುಣ್ಣಗೆ, ಕುಂಬಾರ ತಾನೇ ಮುಗಿಸಿದಂತೆ ಇದ್ದರೆ ಅದು ಬಾಯಿ ಚೂರು. ದಪ್ಪಗಿದ್ದು ಬಾಗು ಇಳಿದು ಚಪ್ಪಟೆಯಾಗಿದ್ದರೆ ಬುಡದ್ದಿರಬಹುದು. ಕಿವಿ, ಕೊಳವಿ, ಕಾಲು, ಮುಚ್ಚಳದ ಗುಬಟು ಇವು ತಾವಾಗಿಯೇ ಗೊತ್ತಾಗುತ್ತವೆ. ಉಳಿದದ್ದೆಲ್ಲ ಮೈ ಚೂರು. ಒಂದು ಮಡಕೆ ಒಡೆದರೆ ಮೈ ಚೂರುಗಳೇ ಹೆಚ್ಚು. ಆದರೆ ಆಕಾರ ಹೇಳುವುದು ಬಾಯಿ ಚೂರು. ಸಮಯ ಕಡಿಮೆ ಇದ್ದರೆ ಬಾಯಿ ಚೂರುಗಳಿಗೇ ಕೊಡಿ.

ಚೂರನ್ನು ನಿಲ್ಲಿಸುವುದು

ಇದು ತಪ್ಪಿದರೆ ಮುಂದಿನದೆಲ್ಲ ತಪ್ಪು. ಚೂರು ಕೈಯಲ್ಲಿ ಹೇಗೆ ಬೇಕಾದರೂ ನಿಲ್ಲುತ್ತದೆ. ಸ್ವಲ್ಪ ಹೊರಗೆ ವಾಲಿಸಿದರೆ ಬಟ್ಟಲಿನಂತೆ ಕಾಣುತ್ತದೆ, ಒಳಗೆ ವಾಲಿಸಿದರೆ ಗಡಿಗೆಯಂತೆ. ಮಡಕೆ ಇಡಿಯಾಗಿದ್ದಾಗ ಅದು ಯಾವ ಕೋನದಲ್ಲಿತ್ತು ಅಂತ ಹಿಡಿಯಬೇಕು.

ಉಪಾಯ ಸರಳ. ಸಮತಟ್ಟಾದ ಹಲಗೆಯ ಮೇಲೆ ಬಾಯಂಚು ಕೆಳಗೆ ಬರುವಂತೆ ಚೂರನ್ನು ಬೋರಲು ಹಾಕಿ. ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ತನ್ನಿ, ಹಿಂದೆ ಬೆಳಕಿರಲಿ. ಚೂರನ್ನು ಹಿಂದೆ ಮುಂದೆ ಮೆಲ್ಲಗೆ ತೂಗಿ. ಒಂದು ಕೋನದಲ್ಲಿ ಅಂಚು ಪೂರ್ತಿ ಹಲಗೆಗೆ ತಾಗಿ ಕೆಳಗಿನಿಂದ ಬೆಳಕು ಬರುವುದು ನಿಲ್ಲುತ್ತದೆ. ಅದೇ ಅದರ ನಿಲುವು. ಬೇರೆ ಕೋನದಲ್ಲಿ ನಡುವೆಯೋ ತುದಿಗಳಲ್ಲೋ ಬೆಳಕಿನ ಗೆರೆ ಕಾಣುತ್ತಲೇ ಇರುತ್ತದೆ. ಹೊಸ ಶಿಲಾಯುಗದ ಕೈಯಿಂದ ಮಾಡಿದ ಮಡಕೆಗಳ ಅಂಚು ಅಂಕುಡೊಂಕು. ಅಲ್ಲಿ ಬೆಳಕು ಪೂರ್ತಿ ನಿಲ್ಲುವುದಿಲ್ಲ. 'ಅಂಚು ಸಮ ಇಲ್ಲ, ನಿಲುವು ಅಂದಾಜು' ಅಂತ ಬರೆದುಬಿಡಿ. ಆ ಮಾತೂ ಒಂದು ಮಾಹಿತಿಯೇ.

ಮೈ ಚೂರಿಗೆ ಈ ಅನುಕೂಲ ಇಲ್ಲ. ತಿಗರಿಯಲ್ಲಿ ಮಾಡಿದ್ದಾದರೆ ಒಳಮೈಯಲ್ಲಿ ಬೆರಳಿನ ಸಣ್ಣ ಗೆರೆಗಳು ಸುತ್ತಿಕೊಂಡು ಹೋಗಿರುತ್ತವೆ. ಆ ಗೆರೆಗಳು ನೆಲಕ್ಕೆ ಸಮಾನಾಂತರವಾಗಿರಬೇಕು, ಅಷ್ಟು ಮಾಡಿದರೆ ಚೂರು ನಿಂತ ದಿಕ್ಕು ಸಿಕ್ಕಂತೆ. ಯಾವ ತುದಿ ಮೇಲೆ ಅನ್ನುವುದು ಮಾತ್ರ ಗೆರೆಗಳಿಂದಲೇ ಗೊತ್ತಾಗುವುದಿಲ್ಲ.

ಬಾಯಿ ಎಷ್ಟು ಅಗಲ?

ಒಂದು ರಟ್ಟಿನ ಮೇಲೆ ಒಂದೇ ಕೇಂದ್ರದಿಂದ ಕೈವಾರದಲ್ಲಿ ಅರ್ಧ ಅರ್ಧ ಸೆಂಟಿಮೀಟರಿಗೆ ಒಂದರಂತೆ ವೃತ್ತಗಳನ್ನು ಎಳೆಯಿರಿ. ಪ್ರತಿ ವೃತ್ತದ ಮೇಲೆ ಅದರ ವ್ಯಾಸ ಬರೆಯಿರಿ. ಬೋರಲು ಹಾಕಿದ ಚೂರನ್ನು ಇದರ ಮೇಲೆ ಸರಿಸುತ್ತಾ ಹೋದರೆ ಒಂದು ವೃತ್ತಕ್ಕೆ ಅಂಚು ಸರಿಯಾಗಿ ಕೂರುತ್ತದೆ. ಬಾಯಿಯ ವ್ಯಾಸ ಅದೇ. ಅದೇ ರಟ್ಟನ್ನು ಕೇಂದ್ರದಿಂದ ಗಡಿಯಾರದ ಮುಖದಂತೆ ಭಾಗ ಮಾಡಿಕೊಂಡಿದ್ದರೆ ಇಡೀ ಬಾಯಿಯಲ್ಲಿ ಶೇಕಡಾ ಎಷ್ಟು ಉಳಿದಿದೆ ಅನ್ನುವುದೂ ಗೊತ್ತಾಗುತ್ತದೆ. ಎರಡನ್ನೂ ಬರೆಯಿರಿ. ಶೇ. 5ಕ್ಕಿಂತ ಕಡಿಮೆ ಉಳಿದಿದ್ದರೆ ವ್ಯಾಸ ಬರೆಯದೇ ಇರುವುದು ಒಳ್ಳೆಯದು. ಅಷ್ಟು ಚಿಕ್ಕ ಚೂರು ಅಕ್ಕಪಕ್ಕದ ನಾಲ್ಕೈದು ವೃತ್ತಗಳಿಗೂ ಸರಿ ಹೊಂದಿದಂತೆ ಕಾಣುತ್ತದೆ.

ರಟ್ಟು ಇಲ್ಲದಾಗ ಶಾಲೆಯ ಲೆಕ್ಕ ನೆರವಿಗೆ ಬರುತ್ತದೆ. ಬಾಯಂಚಿನ ಎರಡು ತುದಿಗೆ ಸ್ಕೇಲ್ ಇಟ್ಟು ನೇರ ಅಳತೆ ತೆಗೆದುಕೊಳ್ಳಿ. ಆ ನೇರ ಗೆರೆಯ ನಡುವಿನಿಂದ ಬಾಗಿದ ಅಂಚು ಎಷ್ಟು ದೂರ ಇದೆ ಅಂತ ಇನ್ನೊಂದು ಅಳತೆ. ಉದಾಹರಣೆಗೆ ನೇರ ಅಳತೆ 8 ಸೆಂ.ಮೀ., ಬಾಗು 0.8 ಸೆಂ.ಮೀ. ನೇರ ಅಳತೆಯ ವರ್ಗವನ್ನು ಬಾಗಿನ ಎಂಟರಷ್ಟರಿಂದ ಭಾಗಿಸಿ: 64 ಭಾಗ 6.4, ಅಂದರೆ 10. ಇದಕ್ಕೆ ಬಾಗಿನ ಅರ್ಧ ಕೂಡಿಸಿ: 10.4. ಇದು ತ್ರಿಜ್ಯ. ಬಾಯಿಯ ಅಗಲ 20.8, ಅಂದರೆ ಸುಮಾರು 21 ಸೆಂ.ಮೀ. ಆದರೆ ಒಂದು ಎಚ್ಚರ. ಬಾಗನ್ನು ಒಂದೇ ಮಿಲಿಮೀಟರ್ ಕಡಿಮೆ, 0.7 ಅಂತ ಓದಿದ್ದರೆ ಉತ್ತರ 23.6 ಸೆಂ.ಮೀ. ಆಗುತ್ತಿತ್ತು. ಒಂದು ಮಿಲಿಮೀಟರಿಗೆ ಹತ್ತಿರ ಹತ್ತಿರ ಮೂರು ಸೆಂಟಿಮೀಟರ್! ಅದಕ್ಕೇ ಮೂರು ಸಲ ಅಳೆಯಿರಿ, ಬಾಗು ಅಳೆಯಲು ಕ್ಯಾಲಿಪರ್ ಬಳಸಿ. ನಮ್ಮ ಹತ್ತನೇ ತರಗತಿಯವರಿಗೆ ಈ ಲೆಕ್ಕ ಕೊಟ್ಟರೆ ಖುಷಿಯಿಂದ ಮಾಡುತ್ತಾರೆ. ವೃತ್ತದ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಬಾಯಂಚು

ಇಲ್ಲಿ ನಿಧಾನಿಸಿ. ಕುಂಬಾರನ ಕೈ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಬಾಯಂಚಿನಲ್ಲಿ. ಹೊಟ್ಟೆ ಒಂದೇ ರೀತಿ ಇದ್ದರೂ ಕಾಲ ಬದಲಾದಾಗ ಅಂಚು ಬದಲಾಗುತ್ತದೆ.

ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು, ಬಾಯಿ ಯಾವ ಕಡೆ ಹೋಗುತ್ತಿದೆ? ಹೊರಗೆ ಬಾಗಿದೆಯೋ, ಒಳಗೆ ಬಾಗಿದೆಯೋ, ನೆಟ್ಟಗೆ ನಿಂತಿದೆಯೋ? ಹೊರಗೆ ಅಂದರೆ ಎಷ್ಟು ಹೊರಗೆ? ಹೂವಿನಂತೆ ಮೆಲ್ಲಗೆ ಅರಳಿದ್ದು ಬೇರೆ, ಹ್ಯಾಟಿನ ಅಂಚಿನಂತೆ ಚಪ್ಪಟೆಯಾಗಿ ಮಲಗಿದ್ದು ಬೇರೆ. ಎರಡು, ತುಟಿಯ ತುದಿ ಹೇಗಿದೆ? ದುಂಡು, ಚಪ್ಪಟೆ, ಚೂಪು, ಓರೆಯಾಗಿ ಕತ್ತರಿಸಿದಂತೆ. ಮೂರು, ತುಟಿಯ ದಪ್ಪ ಅದರ ಕೆಳಗಿನ ಮೈಗಿಂತ ಹೆಚ್ಚೋ ಕಡಿಮೆಯೋ? ಹೆಚ್ಚಾಗಿದ್ದರೆ ಆ ದಪ್ಪ ಒಳಗಿದೆಯೋ ಹೊರಗಿದೆಯೋ? ಮಣ್ಣನ್ನು ಮಡಚಿ ಒತ್ತಿದ ಗುರುತು ಇದೆಯೋ? ತುಟಿಯ ಕೆಳಗೆ ಕಾಲುವೆಯಂಥ ಗೆರೆ ಇದೆಯೋ?

ಈ ಮೂರಕ್ಕೂ ಉತ್ತರ ಬರೆದರೆ ಒಂದು ಸಾಲು ಆಗುತ್ತದೆ: 'ಬಾಯಿ ಮೆಲ್ಲಗೆ ಹೊರಗೆ ಬಾಗಿದೆ, ತುಟಿ ದುಂಡು, ದಪ್ಪ ಮೈಯಷ್ಟೇ.' ಓದಿದರೆ ಕಣ್ಣಿಗೆ ಕಟ್ಟುತ್ತದೆ, ಅಲ್ವಾ? ಸುಮ್ನೆ 'ಅಂಚು ಚೆನ್ನಾಗಿದೆ', 'ವಿಶಿಷ್ಟ ಅಂಚು' ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಕತ್ತಿನಿಂದ ಹೊಟ್ಟೆಗೆ

ಅಂಚಿನಿಂದ ಕೆಳಗೆ ಬೆರಳಿಟ್ಟು ಜಾರಿಸಿಕೊಂಡು ಬನ್ನಿ. ನಾಲ್ಕು ಬಗೆಯ ಜಾಗಗಳಲ್ಲಿ ಬೆರಳು ನಿಲ್ಲಬೇಕು. ಮೊದಲನೆಯದು ತುದಿ: ತುಟಿ ಮತ್ತು ಬುಡ. ಎರಡನೆಯದು ಮೈ ಅತಿ ಕಿರಿದಾಗುವ ಅಥವಾ ಅತಿ ಅಗಲವಾಗುವ ಜಾಗ: ಕತ್ತಿನ ನಡು, ಹೊಟ್ಟೆಯ ನಡು. ಮೂರನೆಯದು ಬಾಗು ದಿಕ್ಕು ಬದಲಿಸುವ ಜಾಗ: ಒಳಗೆ ಬಾಗುತ್ತಿದ್ದದ್ದು ಹೊರಗೆ ಬಾಗಲು ಶುರು ಮಾಡುವ ಕಡೆ, ಸಾಮಾನ್ಯವಾಗಿ ಹೆಗಲಿನಲ್ಲಿ. ನಾಲ್ಕನೆಯದು ಏಣು: ಬಾಗು ಜಾರದೆ ಪಕ್ಕನೆ ಮುರಿದು ಮೂಲೆಯಾಗಿರುವ ಜಾಗ. ಈ ಜಾಗಗಳ ನಡುವಿನ ಎತ್ತರ ಮತ್ತು ಆ ಜಾಗಗಳಲ್ಲಿನ ಅಗಲ ಬರೆದರೆ ಮಡಕೆಯ ಅಸ್ಥಿಪಂಜರ ಸಿಕ್ಕ ಹಾಗೆ.

ಏಣು ಇದೆಯೋ ಇಲ್ಲವೋ ಅನ್ನುವುದನ್ನು ಮರೆಯದೆ ಬರೆಯಿರಿ. ಹೊಸ ಶಿಲಾಯುಗದ ಗುಂಡು ಹೊಟ್ಟೆಯ ಗಡಿಗೆಗಳಲ್ಲಿ ಕತ್ತಿನಿಂದ ಹೊಟ್ಟೆಗೆ ಬಾಗು ನೀರು ಹರಿದಂತೆ ಇಳಿಯುತ್ತದೆ. ಕಬ್ಬಿಣ ಯುಗದ ಬಟ್ಟಲುಗಳಲ್ಲಿ ಹಲವು ಕಡೆ ಬೆರಳಿಗೆ ತಡೆಯುವಂಥ ಏಣು ಸಿಗುತ್ತದೆ.

ಇಡೀ ಪಾತ್ರೆ ಎಂಥದು?

ಮೊದಲ ಭೇದ: ಬಾಯಿಯೇ ಎಲ್ಲಕ್ಕಿಂತ ಅಗಲವಾಗಿದ್ದರೆ ತೆರೆದ ಪಾತ್ರೆ, ಹೊಟ್ಟೆ ಬಾಯಿಗಿಂತ ಅಗಲವಾಗಿದ್ದರೆ ಮುಚ್ಚಿದ ಪಾತ್ರೆ. ಚೂರು ಚಿಕ್ಕದಾದರೂ ಇದನ್ನು ಹೇಳಲು ಬಹಳ ಸಲ ಆಗುತ್ತದೆ. ಇನ್ನೊಂದು ಗುರುತು ಒಳಮೈ. ತೆರೆದ ಪಾತ್ರೆಯ ಒಳಗೆ ಕಣ್ಣು ಬೀಳುತ್ತದೆ, ಹಾಗಾಗಿ ಒಳಗೂ ನುಣುಪು ಮಾಡಿರುತ್ತಾರೆ. ಕಿರಿ ಬಾಯಿಯ ಗಡಿಗೆಯ ಒಳಗೆ ಕೈ ಹೋಗುವುದೇ ಕಷ್ಟ, ಅಲ್ಲಿ ಒರಟು ಹಾಗೇ ಉಳಿದಿರುತ್ತದೆ.

ಎತ್ತರವೂ ಗೊತ್ತಿದ್ದರೆ ಒಂದು ರೂಢಿ ಇದೆ. ಎತ್ತರ ಅಗಲದ ಐದನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ತಟ್ಟೆ. ಐದನೇ ಒಂದರಿಂದ ಮೂರನೇ ಒಂದರವರೆಗೆ ಪರಾತ. ಅದಕ್ಕಿಂತ ಹೆಚ್ಚಿದ್ದು ಅಗಲವನ್ನು ಮೀರದಿದ್ದರೆ ಬಟ್ಟಲು. ಕತ್ತು ಇದ್ದು ಅಗಲಕ್ಕಿಂತ ಎತ್ತರ ಜಾಸ್ತಿ ಇದ್ದರೆ ಗಡಿಗೆ.

ಈ ಹೆಸರುಗಳ ವಿಷಯದಲ್ಲಿ ನನ್ನದು ಸ್ವಲ್ಪ ಹಠ. ಅಳತೆ ಮೊದಲು ಬರಲಿ, ಹೆಸರು ಆಮೇಲೆ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲೇ ಹರವಿ, ಕೊಡ, ಬಿಂದಿಗೆ, ಗಡಿಗೆ, ಮಗಿ ಅಂತ ಹತ್ತು ಹೆಸರು. ಒಂದೂರಿನ ಹರವಿ ಇನ್ನೊಂದೂರಿನ ಕೊಡ. ನೀವು 'ಹರವಿ' ಅಂತ ಬರೆದರೆ ಓದುವವರು ತಮ್ಮ ಮನೆಯ ಹರವಿಯನ್ನು ನೆನೆಯುತ್ತಾರೆ, ಚೂರಿನದನ್ನಲ್ಲ. ಜೊತೆಗೆ ಹೆಸರಿನ ಬೆನ್ನಿಗೆ ಬಳಕೆಯೂ ಬಂದುಬಿಡುತ್ತದೆ. ನಮ್ಮ ಹುಡುಗನೊಬ್ಬ 'ಅನ್ನದ ಗಡಿಗೆ' ಅಂತ ಬರೆದಿದ್ದ. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಹೊಸ ಶಿಲಾಯುಗದ ಜನ ಬೆಳೆದು ತಿಂದದ್ದು ಕೊರಲೆಯಂಥ ಸಿರಿಧಾನ್ಯ, ಹುರುಳಿ, ಹೆಸರು. ಸುಟ್ಟು ಕರಕಾದ ಕಾಳುಗಳಿಂದ ಅದು ಗೊತ್ತಾಗಿದೆ. ಅಕ್ಕಿ ಅವರ ದಿನದ ಊಟ ಆಗಿರಲಿಲ್ಲ. 'ಹೊರಗೆ ಮಸಿ ಹಿಡಿದಿದೆ' ಅಂತ ಬರೆಯಿರಿ, ಅದು ಕಂಡದ್ದು. ಒಲೆಯ ಮೇಲೆ ಏನು ಬೆಂದಿತು ಅನ್ನುವುದು ಬೇರೆ ಪರೀಕ್ಷೆಯ ಕೆಲಸ.

ಬುಡ, ಕಿವಿ, ತೂತು

ಬುಡ ದುಂಡೋ, ಚಪ್ಪಟೆಯೋ, ಉಂಗುರ ಕಟ್ಟಿದ್ದೋ, ಕಾಲಿನದೋ ನೋಡಿ. ದುಂಡು ಬುಡ ಅಂದರೆ ಕುಂಬಾರನಿಗೆ ಬಾರದ ಕೆಲಸ ಅಂತ ಅಲ್ಲ. ಮೂರು ಕಲ್ಲಿನ ಒಲೆಯ ಮೇಲೆ, ಸಿಂಬಿಯ ಮೇಲೆ, ಉಸುಕಿನ ಮೇಲೆ ದುಂಡು ಬುಡವೇ ಗಟ್ಟಿಯಾಗಿ ಕೂರುತ್ತದೆ. ಕಬ್ಬಿಣ ಯುಗದ ಸಮಾಧಿಗಳಲ್ಲಿ ದುಂಡು ಬುಡದ ಪಾತ್ರೆ ಇಡಲೆಂದೇ ಮಾಡಿದ ಮಣ್ಣಿನ ಸಿಂಬಿಗಳೂ ಸಿಗುತ್ತವೆ. ಮೇಲೂ ಕೆಳಗೂ ತೆರೆದ, ನಡು ಕಿರಿದಾದ ಚಿಕ್ಕ ಉಂಗುರ ಅದು. ಅದರ ಚೂರನ್ನು ಬಟ್ಟಲಿನ ಬಾಯಿ ಅಂತ ತಪ್ಪು ತಿಳಿಯುವುದು ಸುಲಭ. ಒಳಮೈ ನೋಡಿ, ಎರಡೂ ಕಡೆ ಮುಗಿಸಿದ ಅಂಚು ಇದೆಯೇ ಹುಡುಕಿ.

ತೂತು ಇದ್ದರೆ ಅದು ಹಸಿ ಮಣ್ಣಿನಲ್ಲಿ ಚುಚ್ಚಿದ್ದೋ, ಸುಟ್ಟ ಮೇಲೆ ಕೊರೆದದ್ದೋ ಹೇಳಿ. ಹಸಿಯಲ್ಲಿ ಚುಚ್ಚಿದರೆ ಒಂದು ಬದಿ ಮಣ್ಣು ಉಬ್ಬಿ ಅಂಚು ಕಟ್ಟಿರುತ್ತದೆ. ಸುಟ್ಟ ಮೇಲೆ ಕೊರೆದದ್ದು ಒರಟು, ಎರಡೂ ಬದಿಯಿಂದ ಆಲಿಕೆಯಂತೆ ಕಿರಿದಾಗಿರುತ್ತದೆ, ಅಂಚಿನಲ್ಲಿ ಚಕ್ಕೆ ಎದ್ದಿರುತ್ತದೆ. ಬಿರುಕಿನ ಎರಡು ಬದಿಗೂ ಕೊರೆದ ತೂತು ಕಂಡರೆ ಯಾರೋ ಹುರಿಯಿಂದ ಬಿಗಿದು ಒಡೆದ ಮಡಕೆಯನ್ನು ಉಳಿಸಿಕೊಂಡಿದ್ದಾರೆ. ಹಸಿಯಲ್ಲೇ ತೂತು ತೂತು ಮಾಡಿದ ಜರಡಿಯಂಥ ಪಾತ್ರೆಗಳೂ ಹೊಸ ಶಿಲಾಯುಗದ ನೆಲೆಗಳಲ್ಲಿ ಇವೆ.

ಮೈ ಚೂರಿನಲ್ಲಿ ದಪ್ಪ, ಬಾಗು, ಎರಡು ಮೈಗಳ ಗುರುತು ಬರೆದರೆ ಸಾಕು. ಹೊರಗೆ ಹಲಗೆಯಿಂದ ತಟ್ಟಿದ ಚಪ್ಪಟೆ ಗುರುತು, ಒಳಗೆ ಕಲ್ಲು ಒತ್ತಿದ ಗುಳಿ ಇದ್ದರೆ ತಟ್ಟಿ ಎಬ್ಬಿಸಿದ ಮಡಕೆ.

ಬಣ್ಣ

ಬಣ್ಣವನ್ನು ಒಣಗಿದ್ದಾಗಲೇ, ನೆರಳಿನಲ್ಲಿ ನೋಡಿ. ಹೊರಗೆ, ಒಳಗೆ, ಒಡೆದ ಅಂಚಿನ ನಡುವೆ ಮೂರನ್ನೂ ಬೇರೆ ಬೇರೆ ಬರೆಯಿರಿ. ನಡುವೆ ಕಪ್ಪಾಗಿ ಉಳಿದಿದ್ದರೆ ಬೆಂಕಿಯ ಗಾಳಿ ಒಳಗೆ ಪೂರ್ತಿ ತಲುಪಿಲ್ಲ. ಸಂತೆಯಲ್ಲಿ ನಮ್ಮವ್ವ ಗಡಿಗೆಯನ್ನು ಬೆರಳಿನಿಂದ ತಟ್ಟಿ ಕಿವಿಗೆ ಹಿಡಿಯುತ್ತಿದ್ದಳು, ಟಣ್ ಅಂದರೆ ಮಾತ್ರ ದುಡ್ಡು. ಚೂರನ್ನೂ ಹಾಗೇ ಉಗುರಿನಿಂದ ಮೆಲ್ಲಗೆ ತಟ್ಟಿ, ಸದ್ದು ಗಟ್ಟಿಯೋ ಮಂದವೋ ಬರೆಯಿರಿ.

ನಮ್ಮ ಕಡೆ ಕಣ್ಣಿಗೆ ಬೀಳುವ ಆಕಾರಗಳು

ಅಭ್ಯಾಸಕ್ಕೆ ಹೊಲಕ್ಕಿಂತ ಮ್ಯೂಸಿಯಂ ಒಳ್ಳೆಯದು. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ ಇದೆ. ಫೂಟ್ ಭೂವಿಜ್ಞಾನಿ. ಹತ್ತೊಂಬತ್ತನೇ ಶತಮಾನದಲ್ಲೇ ಈ ಗುಡ್ಡಗಳಲ್ಲಿ ಅಲೆದು ಕಲ್ಲಿನ ಕೊಡಲಿಗಳ ಜೊತೆ ಬೋಕಿಗಳನ್ನೂ ಬಿಡದೆ ಸಂಗ್ರಹಿಸಿ ಪಟ್ಟಿ ಮಾಡಿದವರು. ಅವರ ಸಂಗ್ರಹ ಈಗ ಚೆನ್ನೈನಲ್ಲಿದೆ. ಸಂಗನಕಲ್ಲಿನಲ್ಲಿ 1940ರ ದಶಕದಲ್ಲಿ ಪುರಾತತ್ವಜ್ಞ ಸುಬ್ಬರಾವ್ ಅಗೆದರು. ಸಿರುಗುಪ್ಪ ಕಡೆಯ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ನಾಗರಾಜರಾವ್ ಮತ್ತು ಮಲ್ಹೋತ್ರ ಅಗೆದರು. ಲಿಂಗಸುಗೂರು ಕಡೆಯ ಪಿಕ್ಲಿಹಾಳದಲ್ಲಿ ಆಲ್ಚಿನ್. ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗುವಾಗ ಸಿಗುವ ಕುಡತಿನಿಯ ಬೂದಿ ದಿಬ್ಬವೂ ಹೊಸ ಶಿಲಾಯುಗದ ದನಗಾಹಿ ಜನರ ಕಾಲದ್ದೇ, ಸಗಣಿ ಸುಟ್ಟ ಬೂದಿ.

ಈ ನೆಲೆಗಳ ಮಡಕೆ ಬಹುಮಟ್ಟಿಗೆ ಕೈಯಿಂದ ಮಾಡಿದ್ದು. ಬೂದು, ಕಂದು, ಕಪ್ಪು. ಗುಂಡು ಹೊಟ್ಟೆ, ಹೊರಗೆ ಬಾಗಿದ ಬಾಯಿ. ಕೆಲವು ಬಟ್ಟಲುಗಳ ಅಂಚನ್ನು ಒಂದು ಕಡೆ ಎಳೆದು ಕೊಕ್ಕು ಮಾಡಿರುತ್ತಾರೆ, ಕೂಸಿಗೆ ಹಾಲು ಕುಡಿಸುವ ಒಳಲೆಯ ಹಾಗೆ. ಇದನ್ನು ಬರೆಯುವಾಗ 'ಕೊಕ್ಕು ಬಟ್ಟಲು' ಅಂದರೆ ಸಾಲದು. ಕೊಕ್ಕು ಅಂಚಿನಿಂದ ಎಷ್ಟು ಮುಂದೆ ಬಂದಿದೆ, ಎಷ್ಟು ಅಗಲ, ಮೇಲೆ ತೆರೆದಿದೆಯೋ ಕೊಳವೆಯಂತೆ ಮುಚ್ಚಿದೆಯೋ ಬರೆಯಿರಿ. ತೆಕ್ಕಲಕೋಟೆಯಲ್ಲಿ ಗಡಿಗೆಗಳನ್ನು ಬಾಯಿಗೆ ಬಾಯಿ ಕೂಡಿಸಿ ಮಲಗಿಸಿ ಸತ್ತವರನ್ನು ಹೂಳಿದ್ದರು. ಆದ್ದರಿಂದ ದೊಡ್ಡ ಗಡಿಗೆ ಅಂದ ಕೂಡಲೇ ಕಾಳಿನ ಗಡಿಗೆ ಅಂತ ಅಂದುಕೊಳ್ಳಬೇಡಿ.

ಕೊಪ್ಪಳದ ಹಿರೇಬೆಣಕಲ್ ಗುಡ್ಡದ ಮೋರೇರ ಮನೆಗಳು ಕಬ್ಬಿಣ ಯುಗದ ಕಲ್ಲಿನ ಸಮಾಧಿಗಳು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಈ ಕಾಲದ ಗುರುತು ಕಪ್ಪು-ಕೆಂಪು ಮಡಕೆ. ಒಳಗೆ ಪೂರ್ತಿ ಕಪ್ಪು, ಹೊರಗೆ ಬಾಯಿಯ ಸುತ್ತ ಕಪ್ಪು, ಕೆಳಗೆ ಕೆಂಪು. ಬೋರಲು ಹಾಕಿ ಸುಟ್ಟಾಗ ಗಾಳಿ ತಾಗದ ಭಾಗ ಕಪ್ಪಾಗುತ್ತದೆ ಅನ್ನುವುದು ಸಾಮಾನ್ಯ ವಿವರಣೆ. ಇಂಥ ಚೂರಿನಲ್ಲಿ ಕಪ್ಪು ಅಂಚಿನಿಂದ ಎಷ್ಟು ಕೆಳಗೆ ನಿಲ್ಲುತ್ತದೆ, ಕೆಂಪಿಗೆ ತಿರುಗುವ ಗೆರೆ ಚೂಪೋ ಮಸುಕೋ ಬರೆಯಿರಿ. ಆಕಾರಗಳು ಬಟ್ಟಲು, ತಟ್ಟೆ, ಗುಬಟಿರುವ ಮುಚ್ಚಳ, ಕಾಲಿರುವ ದೊಡ್ಡ ಪಾತ್ರೆ.

ರಾಯಚೂರಿನ ಮಸ್ಕಿಯನ್ನು 1915ರಲ್ಲಿ ಸಿಕ್ಕ ಅಶೋಕನ ಶಾಸನದಿಂದ ಎಲ್ಲರೂ ಬಲ್ಲರು. 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಅಲ್ಲಿ ಅಗೆದಾಗ ಹೊಸ ಶಿಲಾಯುಗದಿಂದ ನಡುಗಾಲದವರೆಗಿನ ಪದರಗಳು ಒಂದರ ಮೇಲೊಂದು ಸಿಕ್ಕವು. ಯಾವ ಪದರ ಯಾವ ಕಾಲದ್ದು ಅಂತ ಹೇಳಲು ಬೋಕಿಗಳ ಆಸರೆ ಬೇಕೇ ಬೇಕು. ಅಲ್ಲಿನ ಮೇಲಿನ ಪದರದಲ್ಲಿ ಕೆಂಗಂದು ಬಣ್ಣದ ಲೇಪದ ಕೆಳಗೆ ಬಿಳಿ ಗೆರೆಗಳ ಚಿತ್ತಾರ ಇರುವ ಮಡಕೆ ಬರುತ್ತದೆ. ಅಂಥ ಚೂರು ಕಂಡರೆ ಗೆರೆಗಳು ಅಂಚಿಗೆ ಸಮಾನಾಂತರವೋ ಓರೆಯೋ, ಒಳಗೋ ಹೊರಗೋ ನೋಡಿ.

ಚಿತ್ರ

ಗ್ರಾಫ್ ಹಾಳೆಯ ಮೇಲೆ ಅಡ್ಡ ಗೆರೆ ಎಳೆದು ಅದರ ಉದ್ದ ಬಾಯಿಯ ವ್ಯಾಸದಷ್ಟಿರಲಿ. ನಡುವಿನಿಂದ ನೇರ ಕೆಳಗೆ ಇನ್ನೊಂದು ಗೆರೆ. ಎಡ ತುದಿಯಲ್ಲಿ ಚೂರನ್ನು ಅದರ ನಿಲುವಿನಲ್ಲೇ ಹಿಡಿದಂತೆ ಕೊಯ್ದ ನೋಟ, ದಪ್ಪದ ಜಾಗ ಪೂರ್ತಿ ಕಪ್ಪು ತುಂಬಿ. ಬಲ ಬದಿಗೆ ಹೊರಗಿನ ನೋಟ. ಅಳತೆ ಇದ್ದಷ್ಟೇ ಇರಲಿ, ಚಿಕ್ಕದು ಮಾಡಬೇಡಿ. ಇಲ್ಲದ ಭಾಗವನ್ನು ಊಹಿಸಿ ಬಿಡಿಸಬೇಡಿ, ಚೂರು ಮುಗಿದಲ್ಲಿ ಗೆರೆಯೂ ಮುಗಿಯಲಿ. ಫೋಟೋ ಇದಕ್ಕೆ ಬದಲಿ ಅಲ್ಲ, ಯಾಕಂದರೆ ಫೋಟೋದಲ್ಲಿ ದಪ್ಪವೂ ನಿಲುವೂ ಕಾಣುವುದಿಲ್ಲ.

ಒಂದು ಚೂರು, ಪೂರ್ತಿ

ಕಳೆದ ಬೇಸಿಗೆಯಲ್ಲಿ ನಾನು ಬರೆದ ಒಂದು ಚೂರಿನ ವಿವರ ಇದು:

'ಬಾಯಿ ಚೂರು. ಮುಚ್ಚಿದ ಪಾತ್ರೆ. ಬಾಯಿಯ ವ್ಯಾಸ ಸುಮಾರು 21 ಸೆಂ.ಮೀ., ಉಳಿದದ್ದು ಶೇ. 12. ಚೂರಿನ ಎತ್ತರ 6 ಸೆಂ.ಮೀ. ಬಾಯಿ ಮೆಲ್ಲಗೆ ಹೊರಗೆ ಬಾಗಿದೆ. ತುಟಿ ದುಂಡು, ಮೈಗಿಂತ ತುಸು ತೆಳು. ಕತ್ತು ಒಳಗೆ ಬಾಗಿದೆ, ಅತಿ ಕಿರಿದಾದಲ್ಲಿ ವ್ಯಾಸ 17 ಸೆಂ.ಮೀ. ಏಣು ಇಲ್ಲ, ಹೆಗಲು ಜಾರಿಕೊಂಡು ಹೊಟ್ಟೆಗೆ ಇಳಿಯುತ್ತದೆ. ದಪ್ಪ ತುಟಿಯಲ್ಲಿ 0.6, ಹೆಗಲಿನಲ್ಲಿ 0.9 ಸೆಂ.ಮೀ. ಕೈಯಿಂದ ಮಾಡಿದ್ದು, ಅಂಚು ಅಂಕುಡೊಂಕು, ನಿಲುವು ಅಂದಾಜು. ಹೊರಗೆ ತಿಳಿ ಬೂದು, ಒಳಗೆ ಬೂದು, ನಡುವೆ ಕಪ್ಪು. ಹೊರಮೈ ಉಜ್ಜಿ ನುಣುಪು ಮಾಡಿದೆ, ಒಳಮೈ ಕತ್ತಿನವರೆಗೆ ಮಾತ್ರ. ಮಣ್ಣಿನಲ್ಲಿ ಸಣ್ಣ ಬಿಳಿ ಹರಳು. ಮಸಿ ಇಲ್ಲ. ಸದ್ದು ಮಂದ.'

ಬರೆದು ಮುಗಿದ ಮೇಲೆ ಪರೀಕ್ಷೆ. ಚೂರನ್ನು ನೋಡದ ಒಬ್ಬರಿಗೆ ಈ ಬರಹ ಕೊಟ್ಟು ಚಿತ್ರ ಬಿಡಿಸಲು ಹೇಳಿ. ನಾನು ಕೊಟ್ಟದ್ದು ಒಂಬತ್ತನೇ ತರಗತಿಯ ಹುಡುಗಿಗೆ. ಬಾಯಿ, ತುಟಿ, ದಪ್ಪ ಎಲ್ಲ ಸರಿಯಾಗಿ ಬಿಡಿಸಿದಳು. ಆದರೆ ಕತ್ತು ಮಾತ್ರ ಹೂಜಿಯಂತೆ ಉದ್ದ. ಪೆನ್ಸಿಲ್ ಹಿಡಿದುಕೊಂಡೇ ಕೇಳಿದಳು: "ಸರ್, ಕತ್ತು ಎಷ್ಟು ಉದ್ದ ಅಂತ ಬರೆದೇ ಇಲ್ಲಲ್ರೀ?"

ನೋಟ್‌ಬುಕ್ ತೆಗೆದು ಸೇರಿಸಿದೆ: 'ತುಟಿಯಿಂದ ಕತ್ತಿನ ಕಿರಿದಾದ ಜಾಗಕ್ಕೆ 2.5 ಸೆಂ.ಮೀ.'